ಎಷ್ಟು ಪಂಕ್ತಿಯಮ್ಮಾ?

ಈವೆಂಟ್ ಮ್ಯಾನೇಜ್‌ಮೆಂಟ್‌ಗೆ ಸೇರಬೇಕೆಂದು ಬರುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು "ನನಗೆ ಜನರ ಜೊತೆ ಬೆರೆಯೋದು ಇಷ್ಟ ಮೇಡಂ" ಎಂದೇ ಮಾತು ಶುರು ಮಾಡುತ್ತಾರೆ. ಬೆರೆಯುವ ಸ್ವಭಾವ ಒಳ್ಳೆಯದೇ. ಆದರೆ ಕಾರ್ಯಕ್ರಮ ನಡೆಯುವ ಹೊತ್ತಿನಲ್ಲಿ ನಮಗೆ ಯಾರ ಜೊತೆಯೂ ಬೆರೆಯಲು ಪುರುಸೊತ್ತಿರುವುದಿಲ್ಲ. ಎಲ್ಲರೂ ನಗುತ್ತ ಫೋಟೋ ತೆಗೆಸಿಕೊಳ್ಳುತ್ತಿರುವಾಗ ನಾವು ಹಿಂಬಾಗಿಲಲ್ಲಿ ನೀರಿನ ಟ್ಯಾಂಕರ್‌ಗೆ ಫೋನು ಮಾಡುತ್ತಿರುತ್ತೇವೆ. ಬೆಂಗಳೂರಿನಲ್ಲಿ ಮದುವೆ, ಕಂಪನಿ ಸಮಾರಂಭ, ಸರ್ಕಾರಿ ಕಾರ್ಯಕ್ರಮ ಮೂರನ್ನೂ ಮಾಡಿಸುತ್ತ ಬಂದವಳು ನಾನು. ಈ ಕೆಲಸದಲ್ಲಿ ಬೇರೂರಿದವರನ್ನೂ ಎರಡೇ ವರ್ಷಕ್ಕೆ ಬಿಟ್ಟುಹೋದವರನ್ನೂ ನೋಡಿ ನನಗೆ ಅನ್ನಿಸಿರುವುದಿಷ್ಟು: ಇಲ್ಲಿ ಉಳಿಯುವವರು ಲೆಕ್ಕ ಬಲ್ಲವರು. ಅದಕ್ಕೆ ಗಣಿತದ ಪದವಿಯೇನೂ ಬೇಡ. ಎದುರಿಗೆ ಕೂತವರು ಹೇಳುವ ಆಸೆಯನ್ನು ಅಲ್ಲೇ ನಿಮಿಷಕ್ಕೆ, ಅಡಿ ಅಂಗುಲಕ್ಕೆ, ಕಿಲೋವ್ಯಾಟ್‌ಗೆ, ರೂಪಾಯಿಗೆ ಇಳಿಸಲು ಬರಬೇಕು.

ನನಗೆ ಇದರ ಮೊದಲ ಪಾಠ ಹೇಳಿದವರು ಅಡುಗೆ ಕಾಂಟ್ರಾಕ್ಟ್ ಹಿಡಿಯುವ ವಯಸ್ಸಾದ ಭಟ್ಟರೊಬ್ಬರು. ಮದುವೆಗೆ ಸಾವಿರ ಜನ ಎಂದರೆ ಅವರು ಆ ಸಂಖ್ಯೆಯನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. "ಎಷ್ಟು ಪಂಕ್ತಿಯಮ್ಮಾ? ಧಾರೆ ಎಷ್ಟು ಹೊತ್ತಿಗೆ?" ಎನ್ನುತ್ತಿದ್ದರು. ಊಟದ ಮನೆಯಲ್ಲಿ ಒಂದು ಸಲಕ್ಕೆ 250 ಎಲೆ ಹಾಕಬಹುದು ಅಂದುಕೊಳ್ಳಿ. ಕಾಗದ ಹಾಸಿ, ಎಲೆ ಹಾಕಿ, ಉಪ್ಪಿನಿಂದ ಮಜ್ಜಿಗೆಯವರೆಗೆ ಬಡಿಸಿ, ಎಲೆ ತೆಗೆದು, ಮೇಜು ಒರೆಸಿ ಮುಂದಿನವರನ್ನು ಕೂರಿಸುವುದಕ್ಕೆ ಮುಕ್ಕಾಲು ಗಂಟೆ ಬೇಕು. ಸಾವಿರ ಜನಕ್ಕೆ ನಾಲ್ಕು ಪಂಕ್ತಿ, ಒಟ್ಟು ಮೂರು ಗಂಟೆ. ಮುಹೂರ್ತ ಬೆಳಿಗ್ಗೆ ಒಂಬತ್ತೂವರೆಗಿದ್ದರೆ ತಿಂಡಿ, ಕಾಫಿ, ಹರಟೆ ಎಂದು ಜನ ತಾವಾಗಿಯೇ ಹರಡಿಕೊಳ್ಳುತ್ತಾರೆ. ಅಭಿಜಿನ್ ಲಗ್ನವಾದರೆ ಕಥೆ ಬೇರೆ. ಮಧ್ಯಾಹ್ನ ಹನ್ನೆರಡೂವರೆಗೆ ಅಕ್ಷತೆ ಬೀಳುತ್ತದೆ, ಮರುಕ್ಷಣ ಸಾವಿರ ಜನಕ್ಕೂ ಒಟ್ಟಿಗೇ ಹಸಿವಾಗುತ್ತದೆ. 250 ಜನ ಕೂರುತ್ತಾರೆ, ಉಳಿದ 750 ಜನ ಅವರ ಬೆನ್ನ ಹಿಂದೆ ನಿಂತು ಪಾಯಸ ಮುಗಿಯುವುದನ್ನು ಕಾಯುತ್ತಾರೆ. ಬೀಗರ ಮುಂದೆ ಮರ್ಯಾದೆ ಹೋಗುವುದು ಅಲ್ಲಿಯೇ. ಮಂಟಪದ ಹೂವಿನ ಅಲಂಕಾರಕ್ಕೆ ಲಕ್ಷ ಸುರಿದಿದ್ದರೂ ಊರಿಗೆ ಹೋದ ಮೇಲೆ ಜನ ಹೇಳುವುದು ಊಟಕ್ಕೆ ನಿಂತ ಕಥೆಯನ್ನೇ.

ಇದಕ್ಕೆ ಔಷಧ ಅಡುಗೆಮನೆಯಲ್ಲಿ ಸಿಗುವುದಿಲ್ಲ. ಅದು ಇರುವುದು ವೇದಿಕೆಯ ಮೇಲೆ, ಮುಯ್ಯಿ ಕೊಡುವ ಸಾಲಿನಲ್ಲಿ. ಆರುನೂರು ಜನ ನಾಲ್ಕು ನಾಲ್ಕು ಮಂದಿಯ ಗುಂಪಾಗಿ ವಧೂವರರ ಬಳಿ ಹೋದರೆ 150 ಗುಂಪು. ಗುಂಪಿಗೆ ಅರ್ಧ ನಿಮಿಷ ಹಿಡಿದರೂ ಒಂದೂಕಾಲು ಗಂಟೆ. ಫೋಟೋಗ್ರಾಫರ್ "ಇನ್ನೊಂದು, ಇನ್ನೊಂದು" ಎಂದಷ್ಟೂ ಸಾಲು ನಿಧಾನ, ಸಾಲು ನಿಧಾನವಾದಷ್ಟೂ ಊಟದ ಮನೆ ನಿರಾಳ. ಆದ್ದರಿಂದ ನನ್ನ ತಂಡದ ಚುರುಕಿನ ಹುಡುಗಿಯೊಬ್ಬಳು ಸದಾ ವೇದಿಕೆಯ ಮೆಟ್ಟಿಲ ಬಳಿ ನಿಂತಿರುತ್ತಾಳೆ, ಊಟದ ಮನೆಯ ಬಾಗಿಲಲ್ಲಿ ಇನ್ನೊಬ್ಬ ಹುಡುಗ. ಮೂರನೇ ಪಂಕ್ತಿ ಎದ್ದಿತು ಎಂದು ವಾಕಿಟಾಕಿಯಲ್ಲಿ ಅವನು ಹೇಳಿದ ಕೂಡಲೇ ಇವಳು ಫೋಟೋಗ್ರಾಫರ್‌ಗೆ ಕಣ್ಣು ಮಾಡುತ್ತಾಳೆ. ನೆಂಟರಿಗೆ ಇದೇನೂ ಕಾಣುವುದಿಲ್ಲ, ಕಾಣಲೂಬಾರದು.

ವಿದ್ಯುತ್ತಿನ ಲೆಕ್ಕ ಇನ್ನೂ ಕಟ್ಟುನಿಟ್ಟು. ಕಾಲೇಜಿನಲ್ಲಿ ಈ ವಿಷಯವನ್ನೇ ಓದಿ ಬಂದವರಿಗೂ 125 ಕೆವಿಎ ಜನರೇಟರ್ ಎಂದರೆ 125 ಕಿಲೋವ್ಯಾಟ್ ಅಲ್ಲ, 0.8ರ ಪವರ್ ಫ್ಯಾಕ್ಟರ್ ಹಿಡಿದರೆ 100 ಎಂಬುದು ತಿಳಿದಿರುವುದಿಲ್ಲ. ಆ ನೂರನ್ನೂ ಪೂರ್ತಿ ಹಿಂಡಬಾರದು, ಮುಕ್ಕಾಲು ಪಾಲಿಗೆ ನಿಲ್ಲಿಸಬೇಕು ಎಂದು ನನಗೆ ಹೇಳಿಕೊಟ್ಟವನು ಹತ್ತನೇ ಕ್ಲಾಸು ದಾಟದ ಒಬ್ಬ ಆಪರೇಟರ್. ಲೈಟಿಗೂ ಸೌಂಡಿಗೂ ಬೇರೆ ಬೇರೆ ಲೈನ್ ಕೊಡದಿದ್ದರೆ ಸ್ಪೀಕರ್‌ನಲ್ಲಿ ಗುಂಯ್ ಎನ್ನುವ ಸದ್ದು ಬರುತ್ತದೆ ಎಂದವನೂ ಅವನೇ. "ಅಕ್ಕಾ, ಸೌಂಡ್ ಲೈನಿನ ಬೋರ್ಡ್ ಹತ್ರ ಒಬ್ಬನ್ನ ಕೂರಿಸಿ, ಯಾರಾದ್ರೂ ಬಂದು ಏನಾದ್ರೂ ಸಿಕ್ಕಿಸ್ತಾರೆ" ಎಂದಿದ್ದ. ಅದು ಅತಿಯಾಯಿತು ಎಂದು ನಕ್ಕವರಿದ್ದರು. ಕಂಪನಿಯೊಂದರ ಸಮಾರಂಭದಲ್ಲಿ ಕಾಫಿಯವರು ಬಾಯ್ಲರ್ ತಂದು ಅದೇ ಬೋರ್ಡಿಗೆ ಸಿಕ್ಕಿಸಿ, ಮುಖ್ಯಸ್ಥರ ಭಾಷಣದ ನಡುವೆ ಮೈಕು ಸತ್ತು ಹೋದ ಮೇಲೆ ನಗುವುದು ನಿಂತಿತು.

ಸರ್ಕಾರಿ ಕಾರ್ಯಕ್ರಮಗಳದ್ದು ಬೇರೆಯೇ ಲೋಕ. ಅಲ್ಲಿ ಕಲಿಯಬೇಕಾದ ಮೊದಲ ವಿದ್ಯೆ ಆಹ್ವಾನ ಪತ್ರಿಕೆ ಓದುವುದು. ಉದ್ಘಾಟನೆ ಯಾರದು, ಅಧ್ಯಕ್ಷತೆ ಸ್ಥಳೀಯ ಶಾಸಕರದೇ, ಘನ ಉಪಸ್ಥಿತಿಯಲ್ಲಿ ಯಾರು, ಯಾರ ಹೆಸರ ಮೇಲೆ ಯಾರ ಹೆಸರು ಎಂಬುದನ್ನೆಲ್ಲ ಶಿಷ್ಟಾಚಾರ ನೋಡಿಕೊಳ್ಳುವ ಅಧಿಕಾರಿಯಿಂದ ಬರೆಸಿಕೊಂಡೇ ಮುದ್ರಣಕ್ಕೆ ಕೊಡಬೇಕು. ಹೆಸರೊಂದು ಬಿಟ್ಟುಹೋದರೆ ಹಕ್ಕುಚ್ಯುತಿಯ ಮಾತು ಸದನದವರೆಗೂ ಹೋಗಬಹುದು. ನಿಮಿಷವಾರು ಪಟ್ಟಿಯಲ್ಲಿ ನಾಡಗೀತೆಗೆ ಎರಡೂವರೆ ನಿಮಿಷ. ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ ಅಷ್ಟೇ ಅವಧಿಯಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಆದೇಶ ಮಾಡಿದ ಮೇಲೆ ನಮ್ಮಂಥವರಿಗೆ ದೊಡ್ಡ ಉಪಕಾರವಾಯಿತು. ರಾಷ್ಟ್ರಗೀತೆಗೆ 52 ಸೆಕೆಂಡ್. ಇವೆರಡನ್ನು ಬಿಟ್ಟು ಆ ಪಟ್ಟಿಯಲ್ಲಿರುವ ಯಾವ ಸಮಯವನ್ನೂ ನಾನು ನಂಬುವುದಿಲ್ಲ. ಮಂತ್ರಿಗಳು ಒಂದೂವರೆ ಗಂಟೆ ತಡ ಮಾಡಿ ಬರುತ್ತಾರೆ ಎಂದುಕೊಂಡೇ ಸುಗಮ ಸಂಗೀತದ ತಂಡಕ್ಕೆ "ಕರೆದಾಗ ನಿಲ್ಲಿಸಿ, ಕರೆಯದಿದ್ದರೆ ಹಾಡುತ್ತಲೇ ಇರಿ" ಎಂದು ಮೊದಲೇ ಹೇಳಿರುತ್ತೇನೆ. ವೇದಿಕೆಗೆ ಹದಿನಾಲ್ಕು ಕುರ್ಚಿ ಎಂದು ನಿಗದಿಯಾದರೆ ಪಕ್ಕದಲ್ಲಿ ಆರು ಹೆಚ್ಚಿಗೆ. ಶಾಲು, ಹಾರ, ಮೈಸೂರು ಪೇಟವೂ ಹಾಗೆಯೇ. ಪಟ್ಟಿಯಲ್ಲಿಲ್ಲದ ಗಣ್ಯರು ವೇದಿಕೆ ಹತ್ತದ ಸಮಾರಂಭವನ್ನು ನಾನಿನ್ನೂ ನೋಡಿಲ್ಲ. ದೀಪ ಬೆಳಗಿಸುವ ಹೊತ್ತಿಗೆ ವೇದಿಕೆಯ ಫ್ಯಾನ್ ಆರಿಸಿರಬೇಕು, ಎಣ್ಣೆಯಲ್ಲಿ ಚೆನ್ನಾಗಿ ನೆಂದ ಬತ್ತಿಯ ತುದಿಗೆ ಚೂರು ಕರ್ಪೂರ ಇಟ್ಟಿರಬೇಕು. ಇಷ್ಟು ಮಾಡಿದರೆ ಕ್ಯಾಮೆರಾಗಳ ಮುಂದೆ ಯಾರೂ ಮೂರು ಮೂರು ಸಲ ಗೀರಿ ಮುಜುಗರಪಡಬೇಕಾಗಿಲ್ಲ.

ಅನುಮತಿಗಳ ವಿಷಯ ಬೇಸರದ್ದು, ಬೇಗ ಹೇಳಿ ಮುಗಿಸುತ್ತೇನೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ನಮ್ಮ ರಾಜ್ಯದಲ್ಲಿ 2016ರಿಂದ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧವಿದೆ, ಬ್ಯಾನರ್ ಬಟ್ಟೆಯದ್ದೇ ಆಗಬೇಕು. ಕಂಪನಿ ಸಮಾರಂಭದಲ್ಲಿ ಸಿನಿಮಾ ಹಾಡು ಹಾಕಿದರೆ ಹಕ್ಕುದಾರ ಸಂಸ್ಥೆಗಳ ಪರವಾನಗಿ ಬೇಕು. ಮದುವೆ ಮೆರವಣಿಗೆಗೆ ಮತ್ತು ಮದುವೆಗೆ ಸಂಬಂಧಿಸಿದ ಸಂತೋಷಕೂಟಗಳಿಗೆ ಕೃತಿಸ್ವಾಮ್ಯ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಇಷ್ಟನ್ನು ಬಾಯಿಪಾಠ ಮಾಡಿಕೊಂಡವರು ರಾತ್ರಿ ಒಂಬತ್ತೂಮುಕ್ಕಾಲಿಗೆ ಡಿಜೆಯ ಜೊತೆ ಜಗಳವಾಡಬೇಕಾಗಿಲ್ಲ, ಗಡಿಯಾರ ತೋರಿಸಿದರೆ ಸಾಕು.

ಆದರೆ ಜನಸಂದಣಿಯ ಲೆಕ್ಕವನ್ನು ಹೀಗೆ ಬೇಗ ಮುಗಿಸಲಾಗದು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಸುಮಾರು 35 ಸಾವಿರ ಜನ ಹಿಡಿಸುವ ಜಾಗದ ಸುತ್ತ ಅದರ ಎಷ್ಟೋ ಪಟ್ಟು ಜನ ಸೇರಿದ್ದರು. ಇದೇ ಊರಿನಲ್ಲಿ 1981ರ ಫೆಬ್ರುವರಿಯಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಂದಿ ಹೋದರು, ಅವರಲ್ಲಿ ಮಕ್ಕಳೇ ಹೆಚ್ಚು. ನಾನು ಮಾಡಿಸುವ ಸಮಾರಂಭಗಳು ಇವುಗಳ ಮುಂದೆ ಬಹಳ ಸಣ್ಣವು, ಆದರೆ ಬಾಗಿಲಿನ ಲೆಕ್ಕ ಸಣ್ಣದಕ್ಕೂ ದೊಡ್ಡದಕ್ಕೂ ಒಂದೇ. ಸಮತಟ್ಟು ನೆಲದಲ್ಲಿ ಒಂದು ಮೀಟರ್ ಅಗಲದ ದಾರಿಯಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 80 ಜನ ಹೊರಗೆ ಹೋಗಬಲ್ಲರು, ಮೆಟ್ಟಿಲಿದ್ದರೆ ಇನ್ನೂ ಕಡಿಮೆ. ಒಂದು ಚದರ ಮೀಟರ್‌ನಲ್ಲಿ ಐದು ಜನಕ್ಕಿಂತ ಹೆಚ್ಚು ಇಕ್ಕಟ್ಟಾದರೆ ಯಾರ ಕಾಲೂ ಅವರವರ ಹಿಡಿತದಲ್ಲಿ ಇರುವುದಿಲ್ಲ; ತೆನೆ ತುಂಬಿದ ಹೊಲದ ಮೇಲೆ ಗಾಳಿ ಬೀಸಿದ ಹಾಗೆ ಇಡೀ ಗುಂಪು ಒಟ್ಟಿಗೇ ತೂಗತೊಡಗುತ್ತದೆ. ಆಮೇಲೆ ಮೈಕಿನಲ್ಲಿ "ದಯವಿಟ್ಟು ಸಹಕರಿಸಿ" ಎಂದು ಕೂಗಿ ಪ್ರಯೋಜನವಿಲ್ಲ.

ಜಾಗ ನೋಡಲು ಹೋದಾಗ ಗ್ರಾಹಕರು ವೇದಿಕೆ ಎಲ್ಲಿ ಬರಬೇಕು, ಎಲ್‌ಇಡಿ ಗೋಡೆ ಎಷ್ಟು ಅಗಲವಿರಬೇಕು ಎನ್ನುತ್ತಿರುತ್ತಾರೆ. ನಾನು ಟೇಪು ಹಿಡಿದು ಬಾಗಿಲುಗಳನ್ನು ಅಳೆಯುತ್ತಿರುತ್ತೇನೆ. ತುರ್ತು ಬಾಗಿಲಿನ ಬೀಗದ ಕೈ ಯಾರ ಹತ್ತಿರ ಇದೆ ಎಂಬುದು ನನ್ನ ಖಾಯಂ ಪ್ರಶ್ನೆ. ಎಷ್ಟೋ ಕಡೆ ಅದರ ಹಿಂದೆ ಮುರಿದ ಕುರ್ಚಿಗಳ ರಾಶಿ ಇರುತ್ತದೆ. "ಇಷ್ಟು ವರ್ಷ ಏನೂ ಆಗಿಲ್ಲ ಬಿಡಿ ಮೇಡಂ" ಎನ್ನುವ ಮ್ಯಾನೇಜರುಗಳಿಗೆ ಎದುರುತ್ತರ ಕೊಡಲು ಹೋಗುವುದಿಲ್ಲ. ಕುರ್ಚಿ ತೆಗೆದ ಫೋಟೋ ವಾಟ್ಸ್ಆ್ಯಪ್‌ಗೆ ಬರುವವರೆಗೆ ಮುಂಗಡ ಕಳಿಸುವುದಿಲ್ಲ, ಅಷ್ಟೇ. ಅಹಂಕಾರ ಅನ್ನಿಸಿದರೆ ಅನ್ನಿಸಲಿ.

ಹಣದ ಲೆಕ್ಕ ಕೊನೆಗೆ ಹೇಳುತ್ತಿದ್ದೇನೆ, ಆದರೆ ಈ ವೃತ್ತಿಯಿಂದ ಜನರನ್ನು ಹೊರದಬ್ಬುವುದು ಮುಖ್ಯವಾಗಿ ಅದೇ. ನಮ್ಮ ಶಾಮಿಯಾನದವರು, ಹೂವಿನವರು, ಲೋಡಿಂಗ್ ಹುಡುಗರು ಕಾರ್ಯಕ್ರಮದ ಮರುದಿನ ಬೆಳಿಗ್ಗೆಯೇ ದುಡ್ಡು ಕೇಳುತ್ತಾರೆ, ಕೇಳಬೇಕಾದ್ದೂ ಸರಿ. ದೊಡ್ಡ ಕಂಪನಿಗಳು ಕೊಡುವುದು ಅರವತ್ತು ದಿನಕ್ಕೋ ತೊಂಬತ್ತು ದಿನಕ್ಕೋ. ಈ ನಡುವೆ ಬಿಲ್ ಮಾಡಿದ ತಪ್ಪಿಗೆ ಶೇ. 18ರ ಜಿಎಸ್‌ಟಿಯನ್ನು ಮುಂದಿನ ತಿಂಗಳ 20ರೊಳಗೆ ನಾವು ಕಟ್ಟಿಬಿಡಬೇಕು, ಕಂಪನಿ ಕೊಟ್ಟಿರಲಿ, ಬಿಡಲಿ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಕೊಡಬೇಕು ಎಂದು 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ ನಿಜ. ಹೇಳಿದರೆ ಹಣ ಬರಬಹುದು, ಮುಂದಿನ ಕೆಲಸ ಬರುತ್ತದೋ ಇಲ್ಲವೋ ಎಂಬ ಅಂಜಿಕೆಯಲ್ಲಿ ಹೆಚ್ಚಿನವರು ಬಾಯಿ ಬಿಡುವುದಿಲ್ಲ. ಅದ್ಭುತ ಕಲ್ಪನೆಗಳಿದ್ದ ಗೆಳೆಯರು ಕೈತುಂಬ ಕೆಲಸವಿದ್ದಾಗಲೇ ಅಂಗಡಿ ಮುಚ್ಚಿದ್ದನ್ನು ನೋಡಿದ್ದೇನೆ. ಹಳೆಯ ಸಮಾರಂಭದ ಬಾಕಿಯನ್ನು ಹೊಸ ಸಮಾರಂಭದ ಮುಂಗಡದಿಂದ ತೀರಿಸುತ್ತ ಹೋದರೆ ಒಂದು ಮಳೆಗಾಲದ ಬಿಡುವು ಸಾಕು ಎಲ್ಲ ಕುಸಿಯಲು.

ಆದ್ದರಿಂದ ಹೊಸ ಕಂಪನಿಯ ಕೆಲಸ ಬಂದರೆ ಮಾರ್ಕೆಟಿಂಗ್‌ನವರ ಜೊತೆ ಮಾತಾಡಿದ ಮೇಲೆ ಅವರ ಅಕೌಂಟ್ಸ್ ವಿಭಾಗದಲ್ಲಿ ಬಿಲ್ ಪಾಸ್ ಮಾಡುವವರು ಯಾರು ಎಂದು ಕೇಳಿ ಅವರಿಗೊಂದು ನಮಸ್ಕಾರ ಹೇಳಿ ಬರುತ್ತೇನೆ. ಕೆಲಸ ಕೊಡುವವರು ಇವರು, ಹಣ ಕೊಡುವವರು ಅವರು. ಒಬ್ಬರಿಗೊಬ್ಬರು ಸಿಗುವುದೇ ಅಪರೂಪ. ಪರ್ಚೇಸ್ ಆರ್ಡರ್ ನಂಬರ್ ಇಲ್ಲದ ಬಿಲ್ಲು ಹೋದಷ್ಟೇ ವೇಗದಲ್ಲಿ ವಾಪಸ್ ಬರುತ್ತದೆ, ಆಗ ಮತ್ತೆ ಮೊದಲ ದಿನದಿಂದ ಎಣಿಸಬೇಕು. "ನಾಳೆ ಕಳಿಸ್ತೀವಿ, ನೀವು ಶುರು ಮಾಡಿ" ಎನ್ನುವವರು ನೂರಕ್ಕೆ ನೂರು ಒಳ್ಳೆಯವರೇ ಇರುತ್ತಾರೆ. ಆದರೂ ಆ ನಂಬರ್ ಮೇಲ್‌ಗೆ ಬರುವವರೆಗೆ ಒಂದೇ ಒಂದು ಟ್ರಸ್ ತುಂಡು ಕೂಡ ಲಾರಿ ಹತ್ತಕೂಡದು ಎಂದು ನಮ್ಮ ಗೋಡೌನಿನ ಹುಡುಗರಿಗೆ ಹೇಳಿಬಿಟ್ಟಿದ್ದೇನೆ. ಈಗೀಗ ನಾನು ಮರೆತರೂ ಲಾರಿ ಡ್ರೈವರೇ ಫೋನು ಮಾಡಿ ಕೇಳುತ್ತಾನೆ, "ಮೇಡಂ, ನಂಬರ್ ಬಂತಾ?"