ದೊಡ್ಡ ಬಳ್ಳಿಯನ್ನು ಕಿತ್ತು ಬೇರೆ ಕಡೆ ನೆಡುವುದು ಹೇಗೆ?



ನಮ್ಮ ಶಾಲೆಯ ಅಡುಗೆ ಕೋಣೆ ಪಕ್ಕದಲ್ಲಿದ್ದ ಜಾಜಿ ಬಳ್ಳಿ ಈಗ ಅಲ್ಲಿಲ್ಲ. ಹೊಸ ಕೊಠಡಿಯ ಪಾಯಕ್ಕೆ ಸುಣ್ಣದ ಗೆರೆ ಎಳೆದಾಗ ಬಳ್ಳಿ ಸರಿಯಾಗಿ ಗೆರೆಯ ಮೇಲೇ ಬಂತು. ಅದು ಎಂಟು ವರ್ಷದ ಬಳ್ಳಿ. ಕಡಿಯುವುದು ಬೇಡ ಎಂದು ೭ನೇ ತರಗತಿಯವರು ಮೇಷ್ಟ್ರ ಜೊತೆ ಸೇರಿ ಅದನ್ನು ಬೇವಿನ ಮರದ ಆಚೆ, ಕಾಂಪೌಂಡ್ ಗೋಡೆ ಹತ್ತಿರ ನೆಟ್ಟಿದ್ದೇವೆ. ಈಗ ಅಲ್ಲಿ ಬರೀ ಮೋಟು ಕಾಣುತ್ತದೆ. "ಸತ್ತೋಯ್ತಾ?" ಅಂತ ತುಂಬಾ ಜನ ಕೇಳುತ್ತಿದ್ದೀರಿ. ಆದ್ದರಿಂದ ಏನು ಮಾಡಿದೆವು, ಯಾಕೆ ಮಾಡಿದೆವು, ಇನ್ನೇನು ಮಾಡಬೇಕು ಎಂದು ಬರೆದಿದ್ದೇನೆ. ನಿಮ್ಮ ಮನೆ ಹಿತ್ತಲಲ್ಲಿ ಬಳ್ಳಿ ಇದ್ದರೆ ನಿಮಗೂ ಉಪಯೋಗವಾಗುತ್ತದೆ.

೧. ಜಾಜಿ ಎಂಥ ಬಳ್ಳಿ?

ಮಲ್ಲಿಗೆಯ ಜಾತಿಗಳು ಅನೇಕ. ಗುಂಡು ಮಲ್ಲಿಗೆ, ಸೂಜಿ ಮಲ್ಲಿಗೆ, ಕಾಕಡ, ಜಾಜಿ ಎಲ್ಲವೂ ಒಂದೇ ಕುಲದವು. ನಮ್ಮ ರಾಜ್ಯದ ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ ಈ ಮೂರಕ್ಕೂ ಜಿ.ಐ. ಗುರುತು ಸಿಕ್ಕಿದೆ. ಜಾಜಿಯ ವೈಜ್ಞಾನಿಕ ಹೆಸರು ಜಾಸ್ಮಿನಮ್ ಗ್ರ್ಯಾಂಡಿಫ್ಲೋರಮ್. ಇದರ ಮೊಗ್ಗಿನ ಹೊರಗಡೆ ನಸುಗೆಂಪು ಇರುತ್ತದೆ, ಅರಳಿದ ಮೇಲೆ ಹೂ ಬಿಳಿ.

ಎಲ್ಲಾ ಬಳ್ಳಿಗಳೂ ಒಂದೇ ರೀತಿ ಹತ್ತುವುದಿಲ್ಲ. ನಮ್ಮ ಕಡೆ ಕಲ್ಲುಕಂಬದ ಚಪ್ಪರದ ಮೇಲೆ ಬೆಳೆಯುವ ದ್ರಾಕ್ಷಿ, ಸ್ಪ್ರಿಂಗಿನ ಹಾಗೆ ಸುತ್ತುವ ಕುಡಿಗಳಿಂದ ತಂತಿಯನ್ನು ಹಿಡಿಯುತ್ತದೆ. ವೀಳ್ಯದೆಲೆ ಬಳ್ಳಿ ಗೆಣ್ಣುಗಳಲ್ಲಿ ಬೇರು ಬಿಟ್ಟು ಮರಕ್ಕೆ ಅಂಟುತ್ತದೆ. ಚಳಿ ದೇಶಗಳ ತೋಟಗಳಲ್ಲಿ ಕ್ಲೆಮ್ಯಾಟಿಸ್ ಎಂಬ ಹೂಬಳ್ಳಿ ಬೆಳೆಸುತ್ತಾರೆ. ಅದು ಎಲೆಯ ತೊಟ್ಟನ್ನೇ ಕಡ್ಡಿಗೆ ಸುತ್ತಿ ಹತ್ತುತ್ತದೆ. ಜಾಜಿಗೆ ಇಂಥ ಕುಡಿಯೂ ಇಲ್ಲ, ಅಂಟುವ ಬೇರೂ ಇಲ್ಲ. ಆಸರೆ ಮೇಲೆ ಒರಗಿಕೊಂಡು ಹೋಗುತ್ತದೆ ಅಷ್ಟೆ. ಆದ್ದರಿಂದ ಅದನ್ನು ನಾವೇ ಕಟ್ಟಬೇಕು.

೨. ಯಾವಾಗ ಕೀಳಬೇಕು?

ಬೇಸಿಗೆಯಲ್ಲಿ ಕೀಳಲೇಬಾರದು. ಒಂದೆರಡು ಮಳೆ ಬಿದ್ದು ಮಣ್ಣು ಮೆತ್ತಗಾದ ಮೇಲೆ, ಜೂನ್ ಕೊನೆ ಅಥವಾ ಜುಲೈ ತಿಂಗಳು ಒಳ್ಳೆಯದು. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಮಳೆ ಜಾಸ್ತಿ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜುಲೈನಲ್ಲಿ ನೆಟ್ಟರೆ ಆ ದೊಡ್ಡ ಮಳೆಯ ಹೊತ್ತಿಗೆ ಹೊಸ ಬೇರು ಬರುವುದಕ್ಕೆ ಶುರುವಾಗಿರುತ್ತದೆ. ಕೀಳುವ ಕೆಲಸ ಸಾಯಂಕಾಲ ಅಥವಾ ಮೋಡ ಇರುವ ದಿನ ಮಾಡಬೇಕು.

೩. ಮೊದಲು ಕಡ್ಡಿ ನೆಟ್ಟುಕೊಳ್ಳಿ

ದೊಡ್ಡ ಬಳ್ಳಿ ಉಳಿಯುತ್ತದೆ ಅಂತ ಖಾತ್ರಿ ಹೇಳಕ್ಕಾಗಲ್ಲ. ಅದಕ್ಕೇ ಕೀಳುವ ಮೊದಲು ಅದರ ಸಂತಾನ ಉಳಿಸಿಕೊಳ್ಳಬೇಕು. ತೀರಾ ಎಳೆಯದೂ ಅಲ್ಲದ, ತೀರಾ ಬಲಿತದ್ದೂ ಅಲ್ಲದ ಕಡ್ಡಿಯನ್ನು ಒಂದು ಗೇಣು ಉದ್ದ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಎರಡು ಗೆಣ್ಣು ಮಣ್ಣೊಳಗೆ ಇರುವ ಹಾಗೆ ಚುಚ್ಚಬೇಕು. ನಾವು ತೂತು ಮಾಡಿದ ಹಾಲಿನ ಪ್ಯಾಕೆಟ್‌ಗಳಲ್ಲಿ ಮರಳು, ಕೆಂಪು ಮಣ್ಣು, ಗೊಬ್ಬರ ಸಮವಾಗಿ ಕಲಸಿ ತುಂಬಿ ೧೨ ಕಡ್ಡಿ ನೆಟ್ಟೆವು. ನೆರಳಲ್ಲಿ ಇಟ್ಟಿದ್ದೇವೆ. ೭ ಕಡ್ಡಿ ಚಿಗುರಿವೆ.

೪. ಕೀಳುವ ಮತ್ತು ನೆಡುವ ಕ್ರಮ

ಬೇಕಾದ ಸಾಮಾನು: ಹಾರೆ, ಸನಿಕೆ, ಗಿಡ ಕತ್ತರಿಸುವ ಕತ್ತರಿ, ಒದ್ದೆ ಗೋಣಿಚೀಲ, ದಾರ, ಬಿಂದಿಗೆ.

ಅ) ಹೊಸ ಜಾಗದಲ್ಲಿ ಗುಂಡಿಯನ್ನು ಹದಿನೈದು ದಿನ ಮುಂಚೆಯೇ ತೋಡಿಡಬೇಕು. ಉದ್ದ, ಅಗಲ, ಆಳ ಎಲ್ಲಾ ಒಂದೂವರೆ ಅಡಿ ಸಾಕು. ಬೇರಿನ ಉಂಡೆ ದೊಡ್ಡದಿದ್ದರೆ ಗುಂಡಿಯೂ ದೊಡ್ಡದಿರಲಿ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗ ನೋಡಿ.

ಆ) ಹಿಂದಿನ ದಿನ ಬುಡಕ್ಕೆ ಎರಡು ಬಿಂದಿಗೆ ನೀರು ಹಾಕಿ. ಒಣ ಮಣ್ಣು ಉದುರಿ ಹೋಗುತ್ತದೆ, ಒದ್ದೆ ಮಣ್ಣು ಬೇರಿಗೆ ಅಂಟಿಕೊಂಡು ಬರುತ್ತದೆ.

ಇ) ಬಳ್ಳಿಯನ್ನು ನೆಲದಿಂದ ಒಂದೂವರೆ ಅಡಿ ಬಿಟ್ಟು ಮೇಲಿನದೆಲ್ಲಾ ಕತ್ತರಿಸಿ.

ಈ) ಬುಡದ ಸುತ್ತ ಒಂದು ಅಡಿ ದೂರದಲ್ಲಿ ಅಗೆಯುತ್ತಾ ಹೋಗಿ. ಬುಡ ಹಿಡಿದು ಎಳೆಯಬಾರದು. ಅಡ್ಡ ಬಂದ ದಪ್ಪ ಬೇರನ್ನು ಜಜ್ಜದೆ ಒಂದೇ ಏಟಿಗೆ ನುಣ್ಣಗೆ ಕತ್ತರಿಸಿ. ಮಣ್ಣಿನ ಉಂಡೆ ಸಮೇತ ಎತ್ತಿ ಗೋಣಿಚೀಲದಲ್ಲಿ ಸುತ್ತಿ ಕಟ್ಟಿ.

ಉ) ಗುಂಡಿಗೆ ಕೆಂಪು ಮಣ್ಣು, ಎರಡು ಬಾಂಡ್ಲಿ ಹಳೇ ತಿಪ್ಪೆಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ ಕಲಸಿ ಹಾಕಿ. ಹಸಿ ಸಗಣಿ ಹಾಕಿದರೆ ಬೇರು ಸುಡುತ್ತದೆ, ಗೆದ್ದಲೂ ಬರುತ್ತದೆ.

ಊ) ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳದಲ್ಲಿ ಕೂರಿಸಿ. (ಕ್ಲೆಮ್ಯಾಟಿಸ್ ಬಳ್ಳಿಯನ್ನು ಮಾತ್ರ ಮೊದಲಿಗಿಂತ ಎರಡು ಮೂರು ಅಂಗುಲ ಆಳವಾಗಿ ನೆಡುತ್ತಾರಂತೆ. ಮಣ್ಣೊಳಗಿನ ಗೆಣ್ಣಿನಿಂದ ಹೊಸ ಚಿಗುರು ಬರುತ್ತದೆ ಎಂದು.) ಸುತ್ತ ಮಣ್ಣು ತುಂಬಿ ಕೈಯಲ್ಲಿ ಅದುಮಿ, ಪಾತಿ ಮಾಡಿ, ಕೂಡಲೇ ನೀರು ಹಾಕಿ. ಒಳಗೆ ಗಾಳಿಯ ಸಂದು ಉಳಿದರೆ ಬೇರು ಒಣಗುತ್ತದೆ.

೫. ಚೆನ್ನಾಗಿರುವ ಬಳ್ಳಿಯನ್ನು ಯಾಕೆ ಮೋಟು ಮಾಡಬೇಕು?

ಕತ್ತರಿಸುವಾಗ ೫ನೇ ತರಗತಿಯ ಹುಡುಗಿಯರು ಬೇಜಾರು ಮಾಡಿಕೊಂಡರು. ಆದರೆ ಕಾರಣ ಇದೆ. ಗಿಡಕ್ಕೆ ನೀರು ಕುಡಿಸುವುದು ದಪ್ಪ ಬೇರಲ್ಲ, ತುದಿಯಲ್ಲಿರುವ ಕೂದಲಿನಂಥ ಬೇರು. ಎಷ್ಟು ಹುಷಾರಾಗಿ ಅಗೆದರೂ ಅದು ಬಹಳಷ್ಟು ಹರಿದು ಹಳೇ ಗುಂಡಿಯಲ್ಲೇ ಉಳಿದುಬಿಡುತ್ತದೆ. ಎಲೆಗಳು ಮಾತ್ರ ಬಾಷ್ಪವಿಸರ್ಜನೆ ನಿಲ್ಲಿಸುವುದಿಲ್ಲ, ನೀರನ್ನು ಗಾಳಿಗೆ ಬಿಡುತ್ತಲೇ ಇರುತ್ತವೆ. ಬರುವ ನೀರು ಕಮ್ಮಿ, ಹೋಗುವ ನೀರು ಜಾಸ್ತಿ. ತೂತು ಬಿಂದಿಗೆ ಇದ್ದ ಹಾಗೆ. ಎಲೆ ಕಮ್ಮಿ ಮಾಡಿದರೆ ಉಳಿದ ಬೇರು ಉಳಿದ ಬಳ್ಳಿಯನ್ನು ಸಾಕಬಹುದು. ಮನೆಯಲ್ಲಿರುವ ಜಾಜಿಯನ್ನೂ ಡಿಸೆಂಬರ್ ಕೊನೆಯಲ್ಲಿ ಹೀಗೆ ಸವರಿದರೆ ಹೊಸ ಚಿಗುರು ಬಂದು ಹೂ ಜಾಸ್ತಿ ಬಿಡುತ್ತದೆ.

೬. ನೆಟ್ಟ ಮೇಲೆ

ಮೊದಲ ಹದಿನೈದು ದಿನ ತೆಂಗಿನ ಗರಿಯ ನೆರಳು ಕೊಡಬೇಕು. ಬೆರಳನ್ನು ಮಣ್ಣಿಗೆ ಎರಡು ಅಂಗುಲ ಚುಚ್ಚಿ ನೋಡಿ, ಒಣಗಿದ್ದರೆ ನೀರು ಹಾಕಿ. ಮಳೆ ಬಂದ ದಿನ ಬೇಡ. ನೀರು ನಿಂತರೂ ಬೇರು ಕೊಳೆಯುತ್ತದೆ.

ಬುಡದಿಂದ ನಾಲ್ಕು ಅಂಗುಲ ಬಿಟ್ಟು ಸುತ್ತಲೂ ಹೊಂಗೆ ಎಲೆ ಅಥವಾ ಕಡಲೆಕಾಯಿ ಸಿಪ್ಪೆ ಹೊದಿಸಬೇಕು. ಕ್ಲೆಮ್ಯಾಟಿಸ್ ಬೆಳೆಯುವವರು "ತಲೆ ಬಿಸಿಲಲ್ಲಿ, ಕಾಲು ನೆರಳಲ್ಲಿ" ಇರಬೇಕು ಎನ್ನುತ್ತಾರಂತೆ. ನಮ್ಮ ಸುಡುವ ಕೆಂಪು ನೆಲದಲ್ಲಿ ಜಾಜಿಗೂ ಅದೇ ಹಿತ.

ಆಸರೆಗೆ ನೀಲಗಿರಿ ಕಡ್ಡಿ ನೆಟ್ಟಿದ್ದೇವೆ. ಚಿಗುರನ್ನು ಹಳೇ ಬಟ್ಟೆ ಚೂರಿನಿಂದ ಸಡಿಲವಾಗಿ ಕಟ್ಟಬೇಕು. ಪ್ಲಾಸ್ಟಿಕ್ ದಾರ ಬಿಗಿದರೆ ಎಳೇ ಕಾಂಡ ಕೊಯ್ದುಹೋಗುತ್ತದೆ.

೭. ಚಿಗುರಿದರೆ ಬದುಕಿತು ಅಂತಾನಾ?

ಇದೇ ಮುಖ್ಯ ವಿಷಯ. ನೆಟ್ಟ ೨೬ನೇ ದಿನ ನಮ್ಮ ಬಳ್ಳಿಯ ಬುಡದಲ್ಲಿ ಎರಡು ಚಿಗುರು ಕಂಡವು. ಎಲ್ಲರೂ ಕುಣಿದಾಡಿದೆವು. ನಮ್ಮಜ್ಜಿ ಮಾತ್ರ, "ಅದು ಕಾಂಡದಲ್ಲಿರೋ ಗಂಜಿ ಕುಡ್ಕೊಂಡು ಬಂದಿರೋ ಚಿಗುರು ಕಣೇ. ಬೇರು ಹಿಡಿದೈತೋ ಇಲ್ವೋ ಬೇಸಿಗೇಲಿ ಗೊತ್ತಾಗ್ತೈತೆ" ಅಂದರು. ಮೇಷ್ಟ್ರನ್ನು ಕೇಳಿದೆ. ಅಜ್ಜಿ ಹೇಳಿದ್ದು ನಿಜವಂತೆ. ಕಾಂಡದಲ್ಲಿ ಮೊದಲೇ ಕೂಡಿಟ್ಟ ಆಹಾರ ಇರುತ್ತದೆ. ಕಡಿದು ಬಿಸಾಡಿದ ನುಗ್ಗೆ ಕೊಂಬೆ ನೆಲದಲ್ಲಿ ಬಿದ್ದಿದ್ದರೂ ಚಿಗುರುವುದನ್ನು ನೀವೂ ನೋಡಿರಬಹುದು. ಆ ಆಹಾರ ಮುಗಿಯುವುದರೊಳಗೆ ಹೊಸ ಬೇರು ಬರಬೇಕು. ಆದ್ದರಿಂದ ಹಸಿರು ಕಂಡ ಕೂಡಲೇ ಆರೈಕೆ ಬಿಡಬಾರದು. ಒಂದು ಪೂರ್ತಿ ಬೇಸಿಗೆ ದಾಟಬೇಕು.

ಕಾಂಡಕ್ಕೆ ಜೀವ ಇದೆಯಾ ಎಂದು ನೋಡಲು ಉಗುರಿನಿಂದ ತೊಗಟೆಯನ್ನು ಸ್ವಲ್ಪ ಕೆರೆಯಬಹುದು. ಒಳಗೆ ಹಸಿರಿದ್ದರೆ ಜೀವ ಇದೆ. ಆದರೆ ದಯವಿಟ್ಟು ಎಲ್ಲರೂ ಒಂದೊಂದು ಸಲ ಕೆರೆಯಬೇಡಿ!

೮. ನಿಮ್ಮಿಂದ ಆಗಬೇಕಾದ್ದು

• ಈ ವರ್ಷ ಮೊಗ್ಗು ಬಂದರೆ ಚಿವುಟಿ ಹಾಕಿ. ಹೂವಿಗೆ ಹೋಗುವ ಶಕ್ತಿ ಬೇರಿಗೆ ಹೋಗಲಿ. ಶುಕ್ರವಾರದ ಸರಸ್ವತಿ ಪೂಜೆಗೆ ಒಂದು ವರ್ಷ ಮನೆಯಿಂದ ಹೂ ತನ್ನಿ.

• ಬಿಸಿಯೂಟಕ್ಕೆ ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನು ಚರಂಡಿಗೆ ಚೆಲ್ಲದೆ ಬಳ್ಳಿಗೆ ಹಾಕಿ. ಸೋಪಿನ ನೀರು ಬೇಡ.

• ಬುಡದಿಂದ ಒಂದು ಅಡಿ ದೂರದಲ್ಲಿ ತಳಕ್ಕೆ ತೂತು ಮಾಡಿ ಬಟ್ಟೆ ಬತ್ತಿ ಸಿಕ್ಕಿಸಿದ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತಿದ್ದೇವೆ. ಅದಕ್ಕೆ ತುಂಬಿಸಿದ ನೀರು ನಿಧಾನವಾಗಿ ಬೇರಿಗೆ ಇಳಿಯುತ್ತದೆ. ಮುಚ್ಚಳ ತೆಗೆದು ಹಾಗೇ ಬಿಡಬೇಡಿ, ಸೊಳ್ಳೆ ಆಗುತ್ತದೆ.

• ಏಪ್ರಿಲ್, ಮೇ ರಜೆಯೇ ಬಳ್ಳಿಗೆ ನಿಜವಾದ ಪರೀಕ್ಷೆ. ಏಳು ವಾರ, ವಾರಕ್ಕೆ ಎರಡು ಸಲ ಮಡಕೆ ತುಂಬಿಸಬೇಕು. ಒಟ್ಟು ೧೪ ಸರದಿ. ಮುಂದಿನ ಜೂನ್‌ಗೆ ನಾವು ಹೈಸ್ಕೂಲಿಗೆ ಹೋಗಿರ್ತೀವಿ. ಆದ್ದರಿಂದ ಶಾಲೆ ಹತ್ತಿರವೇ ಮನೆ ಇರುವ ೪, ೫, ೬ನೇ ತರಗತಿಯವರು ಮುಂದೆ ಬರಬೇಕು.

ಕೆಳಗೆ ೧೪ ಚೌಕ ಬರೆದಿದ್ದೇನೆ. ಈಗ ೫ ಹೆಸರು ಬಂದಿವೆ, ಇನ್ನೂ ೯ ಖಾಲಿ ಇವೆ. ಸರದಿ ಪೂರ್ತಿ ಮಾಡಿದವರಿಗೆ ಪ್ಯಾಕೆಟ್‌ನಲ್ಲಿ ಬೇರು ಬಿಟ್ಟ ಜಾಜಿ ಸಸಿಗಳನ್ನು ಮುಂದಿನ ಮಳೆಗಾಲದಲ್ಲಿ ಮೊದಲು ಕೊಡುತ್ತೇವೆ. ಪೆನ್ಸಿಲ್ ಬೋರ್ಡಿಗೆ ದಾರದಲ್ಲಿ ಕಟ್ಟಿದೆ.

ಇಂತಿ,
೭ನೇ ತರಗತಿ ವಿದ್ಯಾರ್ಥಿನಿ, ಕೈವಾರ