ಹತ್ತುಮೀನು

ಮುಂಬಯಿಯ ಪೇಟೆಯಲ್ಲಿ ರಾವಸ್ ಮೀನನ್ನು ‘ಸಾಲ್ಮನ್’ ಎಂದು ಮಾರುವುದುಂಟು. ಅದು ಬರಿಯ ಹೆಸರು. ನಿಜವಾದ ಸಾಲ್ಮನ್ ಶೀತದೇಶಗಳ ಮೀನು. ಶರತ್ಕಾಲದಲ್ಲಿ ಅದು ಕಡಲಿನಿಂದಲೋ ಅಮೆರಿಕದ ಮಹಾಸರೋವರಗಳಿಂದಲೋ ಹೊರಟು, ತಾನು ಹುಟ್ಟಿದ ತೊರೆಯನ್ನು ವಾಸನೆಯಿಂದ ಗುರುತಿಸಿ, ಪ್ರವಾಹಕ್ಕೆ ಎದುರಾಗಿ ಈಜಿ, ಜಲ್ಲಿಯಲ್ಲಿ ಮೊಟ್ಟೆಯಿಡುವುದು.

ನಮ್ಮ ನಾಡಿನಲ್ಲಿ ಇಂಥ ಯಾತ್ರೆ ಮುಂಗಾರಿನದು. ಮೊದಲ ಬಿರುಮಳೆಗೆ ಕೆಂಪು ನೀರು ಇಳಿಯತೊಡಗಿದೊಡನೆ ಕೆರೆಹೊಳೆಗಳ ಗೆಂಡೆ, ಮುಗುಡು ಮೊದಲಾದ ಮೀನುಗಳು ಹಳ್ಳ ಹಿಡಿದು ಗದ್ದೆಯವರೆಗೂ ಏರುವುವು. ಮಲೆನಾಡಿಗರು ಇವನ್ನು ‘ಹತ್ತುಮೀನು’ ಎನ್ನುವರು. ಠಾಣೆ, ರಾಯಗಡಗಳ ಕಡೆ ಇವೇ ‘ವಲಗಣಿ’ಯ ಮೀನುಗಳು. ಗದ್ದೆಯ ತೆಳುನೀರಿನಲ್ಲಿ ಮರಿಗಳಿಗೆ ಆಹಾರ ಹೇರಳ, ದೊಡ್ಡ ಮೀನುಗಳ ಕಾಟ ಕಡಿಮೆ.

ಹಿಡಿಯುವವರಿಗೂ ಇದೇ ಸುಗ್ಗಿ! ಹಳ್ಳದ ಇಕ್ಕಟ್ಟಿನಲ್ಲಿ ಬಿದಿರಿನ ಕೂಣಿಯನ್ನು ಹೂಡಿದರಾಯಿತು. ಒಳಹೊಕ್ಕ ಮೀನು ಹಿಂದಿರುಗಲಾರದು. ಇರುಳಿನಲ್ಲಿ ಬೆಳಕು ಹಿಡಿದು ಕತ್ತಿಯಿಂದ ಕಡಿಯುವವರೂ ಉಂಟು. ಆದರೆ ಏರುವ ಹೆಣ್ಣುಮೀನಿನ ಹೊಟ್ಟೆ ತುಂಬ ಮೊಟ್ಟೆ. ದೊಡ್ಡ ಗೆಂಡೆಯೊಂದರಲ್ಲಿ ಲಕ್ಷಕ್ಕೂ ಮಿಕ್ಕಿ ಇರಬಲ್ಲವು. ಮೊಟ್ಟೆಯಿಟ್ಟು ಇಳಿಯುವಾಗ ಹಿಡಿದರೆ ಹಾನಿ ಅಷ್ಟಿಲ್ಲ. ಏರುವಾಗಲೇ ಹಳ್ಳದ ಅಗಲವನ್ನೆಲ್ಲ ಕಟ್ಟಿಬಿಡುವುದನ್ನು ನಾವು ಬೇಟೆಯೆಂದು ಒಪ್ಪೆವು. ಅದು ಬಿತ್ತನೆಯ ಬೀಜವನ್ನು ಬೇಯಿಸಿ ಉಂಡಂತೆ. ಕಡಲಿನಲ್ಲಾದರೋ ಮಳೆಗಾಲದ ಮೊದಲ ತಿಂಗಳುಗಳಲ್ಲಿ ಯಂತ್ರದೋಣಿಗಳಿಗೆ ಸರಕಾರದ ತಡೆಯುಂಟು.

ಹಳ್ಳವೇ ಕೆಟ್ಟರೆ ಕೂಣಿಯ ಮಾತೂ ಉಳಿಯದು. 1860ರಲ್ಲಿ ಕಟ್ಟಿ ಮುಗಿಸಿದ ನಮ್ಮ ವಿಹಾರ ಕೆರೆಯ ಕೋಡಿಯ ನೀರು ಸೇರುವ ಮೀಠಿ ನದಿಯನ್ನು ನೋಡಿರಿ: ನಗರದೊಳಗೆ ಅದಕ್ಕೆ ಎರಡು ಕಡೆಯೂ ಗೋಡೆ, ನೀರು ಕೊಳಕು, ಮೀನು ಹತ್ತಿ ಸೇರಲು ಗದ್ದೆಯಿಲ್ಲ.