ಒಂದು ಮಿಲಿಮೀಟರಿನ ಸೈಟು

ದಾವಣಗೆರೆಯಿಂದ ಚನ್ನಗಿರಿಗೆ ಬರುವ ಬಸ್ಸಿನಲ್ಲಿ ಪಕ್ಕ ಕೂತಿದ್ದವರು ನನ್ನ ತೊಡೆಯ ಮೇಲಿದ್ದ ಕೊರಿಯರ್ ಡಬ್ಬಿ ನೋಡಿ, "ಏನ್ ಸಾರ್ ಅದು?" ಎಂದರು. "ಸೈಟು" ಎಂದೆ. "ಓಹೋ, ಸೈಟ್ ತಗಂಡ್ರಾ! ಯಾವ ಲೇಔಟು? ತರ್ಟಿ ಫಾರ್ಟಿನಾ?" ಎಂದು ಖುಷಿಯಿಂದ ನನ್ನ ಕಡೆ ತಿರುಗಿ ಕೂತರು. ನಾನು ತಗೊಂಡದ್ದು ಒಂದು ಮಿಲಿಮೀಟರಿಗಿಂತ ತುಸು ದೊಡ್ಡ ತೂತು, ಅದರ ಸುತ್ತ ಒಂದಿಷ್ಟು ಲೋಹ. ಬೆಲೆ ಹೇಳಿದ ಮೇಲೆ ಅವರು ಸಂತೇಬೆನ್ನೂರು ದಾಟುವವರೆಗೂ ಬಾಯಿ ಬಿಡಲಿಲ್ಲ.

ಗುರಿ ಹಿಡಿಯಲು ರೈಫಲ್ಲಿಗಿರುವ ಹಿಂದಿನ ಸೈಟಿನಲ್ಲಿ ಕಚ್ಚಿನ ಬದಲು ತೂತಿದ್ದರೆ ಅದು ಅಪರ್ಚರ್ ಸೈಟು. ಈ ಹುಚ್ಚು ಹಿಡಿದವರು ಪೀಪ್ ಸೈಟ್ ಅನ್ನುತ್ತಾರೆ. ನಾನು ಹೊಡೆಯುವುದು ಹತ್ತು ಮೀಟರ್ ದೂರದ ಕಾಗದಕ್ಕೆ, .177 ಏರ್ ರೈಫಲ್ಲಿನಲ್ಲಿ. 20 ಜೂಲ್ ಮೀರದ ಇಂಥ ರೈಫಲ್ಲಿಗೆ 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ. ಹಾಗಾಗಿ ನಮ್ಮೂರ ಅಡಿಕೆ ತೋಟದ ಮಾಲೀಕರಂತೆ ಪ್ರತಿ ಚುನಾವಣೆಗೂ ಬಂದೂಕು ಹೊತ್ತು ಠಾಣೆಗೆ ಹೋಗುವ ಕೆಲಸ ನನಗಿಲ್ಲ. ಪದಕ ಗೆದ್ದವನಲ್ಲ. ಒಮ್ಮೆ ಬೆಂಗಳೂರಿನ ಸ್ಪರ್ಧೆಯೊಂದಕ್ಕೆ ಹೋಗಿ ಕೊನೆಯಿಂದ ನಾಲ್ಕನೆಯವನಾಗಿ ಬಂದೆ. ಇನ್ನೊಂದು ಮಾತು ನಾಚಿಕೆಯಿಂದಲೇ ಹೇಳಬೇಕು: ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಮೇಷ್ಟ್ರು. ಬೆಳಕು, ಮಸೂರ, ಸೂಜಿರಂಧ್ರದ ಕ್ಯಾಮೆರಾ ಎಲ್ಲ ನನ್ನ ಪಾಠಗಳೇ. ಆದರೂ ಈ ತೂತಿನ ಬಗ್ಗೆ ಕಲಿತದ್ದೆಲ್ಲ ತಪ್ಪು ಮಾಡಿಯೇ. ಒಂದೊಂದಾಗಿ ಹೇಳುತ್ತೇನೆ.

1. ಬಂದೂಕನ್ನು ಬೈಯುವ ಮೊದಲು ಕಣ್ಣು ತೋರಿಸಿಕೊಳ್ಳಿ.

ಮೊದಲು ಕೊಂಡದ್ದು ನಳಿಗೆ ಮಡಚಿ ಸ್ಪ್ರಿಂಗ್ ಬಿಗಿಯುವ ಸಾಧಾರಣ ಏರ್ ರೈಫಲ್. ಹಿಂದಿನ ಸೈಟಿನಲ್ಲಿ ಕಾಲೇಜಿನ ಎನ್‌ಸಿಸಿಯಲ್ಲಿ ಕಲಿತ ಅದೇ 'ಯು' ಆಕಾರದ ಕಚ್ಚು. ಆಗ ನನಗೆ ನಲವತ್ತಮೂರು. ಕಚ್ಚು ಕಣ್ಣಿನಿಂದ ಒಂದೂವರೆ ಅಡಿ, ಮುಂದಿನ ಮುಳ್ಳು ಮೂರು ಅಡಿ, ಟಾರ್ಗೆಟ್ ಹತ್ತು ಮೀಟರ್. ಮೂರರಲ್ಲಿ ಒಂದು ಸ್ಪಷ್ಟವಾದರೆ ಉಳಿದೆರಡು ಮಂಜು. ಪೆಲ್ಲೆಟ್ ಬದಲಿಸಿದೆ, ಅಂಗಡಿಯವನ ಜೊತೆ ಜಗಳ ಆಡಿದೆ, ಟ್ರಿಗರ್ ಬಿಚ್ಚಿ ಒಂದು ಸ್ಪ್ರಿಂಗ್ ಕಳೆದೆ.

ಹೊನ್ನಾಳಿಯಲ್ಲಿ ನನ್ನ ಸೋದರಮಾವ ಇದ್ದಾರೆ, ಹವಾಲ್ದಾರ್ ಆಗಿ ನಿವೃತ್ತರಾದವರು. ಸೈನ್ಯದಲ್ಲಿ ಅವರು ವರ್ಷಗಟ್ಟಲೆ ಹೊತ್ತ ಎಸ್‌ಎಲ್‌ಆರ್ ರೈಫಲ್ಲಿನ ಹಿಂದಿನ ಸೈಟು ತೂತಿನದೇ. ನನ್ನ ಗೋಳು ಕೇಳಿ ಅವರು ಗೋಡೆಯ ಕ್ಯಾಲೆಂಡರ್ ತೋರಿಸಿ, "ಕನ್ನಡಕ ತೆಗಿ ಅಳಿಯಾ. ಮುಷ್ಟಿ ಕಟ್ಟು. ಸಾಸಿವೆ ಕಾಳು ಹೋಗೋಷ್ಟು ಸಂದಿ ಬಿಟ್ಟು ಅದ್ರಾಗೆ ನೋಡು" ಅಂದರು. ನೋಡಿದೆ. ರಾಹುಕಾಲದ ಕೆಳಗಿದ್ದ, ಕನ್ನಡಕ ಹಾಕಿದರೂ ತಡಕಾಡಬೇಕಿದ್ದ ಸಣ್ಣ ಅಕ್ಷರಗಳು ಒಂದೊಂದೂ ಬಿಡಿಬಿಡಿಯಾಗಿ ಎದ್ದು ನಿಂತವು. ಸಣ್ಣ ತೂತು ಅಂಚಿನ ಕಿರಣಗಳನ್ನು ಕತ್ತರಿಸುತ್ತದೆ, ಹತ್ತಿರದ್ದೂ ದೂರದ್ದೂ ಒಟ್ಟಿಗೆ ಚೊಕ್ಕವಾಗುತ್ತದೆ. ಅದೇ ವಾರ ಬೋರ್ಡಿನ ಮೇಲೆ ಈ ಚಿತ್ರ ಬರೆದು ಬಂದಿದ್ದೆ! ಮಾವ ಓದಿದ್ದು ಎಸ್ಸೆಸ್ಸೆಲ್ಸಿ.

ಲಾಭ ಇನ್ನೊಂದಿದೆ. ಕಚ್ಚು ನಳಿಗೆಯ ಮೇಲೆ ಮುಂದೆಲ್ಲೋ ಇರುತ್ತದೆ, ತೂತು ಕಣ್ಣಿನ ಹತ್ತಿರ ಬರುತ್ತದೆ. ಎರಡು ಸೈಟುಗಳ ನಡುವೆ 45 ಸೆಂ.ಮೀ. ಇದ್ದಾಗ ಕೂದಲೆಳೆಯಷ್ಟು, ಅಂದರೆ 0.1 ಮಿ.ಮೀ. ತಪ್ಪಿದರೆ ಹತ್ತು ಮೀಟರಿನಲ್ಲಿ 2.2 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ಅಂತರ 80 ಸೆಂ.ಮೀ. ಆದರೆ ಅದೇ ತಪ್ಪಿಗೆ 1.25 ಮಿ.ಮೀ. ಮಾತ್ರ. ನಮ್ಮ ಟಾರ್ಗೆಟ್ಟಿನಲ್ಲಿ ಒಂದು ವೃತ್ತದಿಂದ ಇನ್ನೊಂದಕ್ಕೆ ಇರುವುದೇ 2.5 ಮಿ.ಮೀ.

2. ಸಣ್ಣ ತೂತು ಒಳ್ಳೆಯದು. ಇನ್ನೂ ಸಣ್ಣದು ಇನ್ನೂ ಒಳ್ಳೆಯದಲ್ಲ.

ಮಾವನ ಮುಷ್ಟಿಯಿಂದ ನಾನು ಕಲಿತದ್ದು ಅರ್ಧ ಪಾಠ. ಆಮೇಲೆ ತರಿಸಿದ ಪೀಪ್ ಸೈಟಿನ ಜೊತೆ ಬಂದ ತೂತು 1.2 ಮಿ.ಮೀ. ಇತ್ತು. ಅತಿಬುದ್ಧಿವಂತಿಕೆ ಮಾಡಿ 0.8ರ ತೂತಿರುವ ಡಿಸ್ಕ್ ಬೇರೆ ತರಿಸಿದೆ. ಚನ್ನಗಿರಿ ಕಡೆಯ ಅಡಿಕೆ ತೋಟ ನೋಡಿದವರಿಗೆ ಗೊತ್ತು, ಮಧ್ಯಾಹ್ನ ಎರಡು ಗಂಟೆಗೂ ಒಳಗೆ ಸಂಜೆಯ ಬೆಳಕು. ಅಡಿಕೆ ಸುಲಿಯುವ ಶೆಡ್ಡಿನ ಬಾಗಿಲಲ್ಲಿ ನಿಂತು ಆ ತೂತಿನಲ್ಲಿ ನೋಡಿದರೆ ಟಾರ್ಗೆಟ್ ಇರಲಿ, ಅದನ್ನು ಕಟ್ಟಿದ್ದ ಮರವೇ ಕಾಣಲಿಲ್ಲ. ಬಿಸಿಲಿಗೆ ತಂದರೆ ಕಪ್ಪು ವೃತ್ತದ ಅಂಚು ಕಂಬಳಿಯ ಎಳೆಯಂತೆ ಒರಟೊರಟು. ತೀರಾ ಸಣ್ಣ ತೂತಿನಲ್ಲಿ ಬೆಳಕು ಬಾಗಿ ಹರಡುತ್ತದೆ, ವಿವರ್ತನೆ. ಅದೂ ನನ್ನದೇ ಪಾಠ, ಮುಂದಿನ ಅಧ್ಯಾಯ.

ಕೊನೆಗೆ ಕ್ಯಾಮೆರಾದ ಕಣ್ಣಿನಂತೆ ತಿರುಗಿಸಿ ಹಿಗ್ಗಿಸುವ, ಕುಗ್ಗಿಸುವ ಐರಿಸ್ ಡಿಸ್ಕ್ ಕೊಂಡೆ. ಬಸ್ಸಿನಲ್ಲಿ ಬಂದದ್ದು ಅದೇ. ದುಬಾರಿ, ನಿಜ. ಆದರೆ ಒಂದೊಂದು ಅಳತೆಗೆ ಒಂದರಂತೆ ನಾಲ್ಕು ಡಿಸ್ಕ್ ಕೊಂಡು ಡ್ರಾಯರಿನಲ್ಲಿ ಹಾಕುವುದಕ್ಕಿಂತ ಇದೇ ಅಗ್ಗ. ನನ್ನ ಡ್ರಾಯರ್ ಸಾಕ್ಷಿ.

3. ತೂತಿನಲ್ಲಿ ನೋಡಿ, ತೂತನ್ನು ನೋಡಬೇಡಿ.

ಮುಂದಿನ ಸೈಟು ತೂತಿನ ನಟ್ಟನಡುವೆ ಇದೆಯೋ ಎಂದು ಆರು ತಿಂಗಳು ಅಳೆಯುತ್ತಾ ಕೂತೆ. ಕಣ್ಣಲ್ಲಿ ನೀರು, ಸಂಜೆಗೆ ತಲೆನೋವು. ಕಣ್ಣು ಬೆಳಕು ಹೆಚ್ಚಿರುವ ನಡುಭಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. ಅದರ ಕೆಲಸ ಅದಕ್ಕೆ ಬಿಡಬೇಕಿತ್ತು.

4. ಮುಂದಿನ ಉಂಗುರ ಬಿಗಿ ಮಾಡಿದಷ್ಟೂ ಕೈ ನಡುಗುತ್ತದೆ.

ಹಿಂದೆ ತೂತು ಹಾಕಿದ ಮೇಲೆ ಮುಂದೆ ಮುಳ್ಳಿನ ಬದಲು ಉಂಗುರ ಹಾಕುವುದು ವಾಡಿಕೆ. ಟಾರ್ಗೆಟ್ಟಿನ ಕಪ್ಪು ಭಾಗ 30.5 ಮಿ.ಮೀ. ಕಣ್ಣಿನಿಂದ 90 ಸೆಂ.ಮೀ. ದೂರದ ಉಂಗುರದೊಳಗೆ ಅದು ಸುಮಾರು ಎರಡೂಮುಕ್ಕಾಲು ಮಿ.ಮೀ.ನಷ್ಟು ಕಾಣುತ್ತದೆ. ಲೆಕ್ಕ ಹಾಕಿ ಹೆಮ್ಮೆಯಿಂದ 3.0ರ ಉಂಗುರ ಆರಿಸಿದೆ. ಸುತ್ತ ಉಳಿದ ಬಿಳಿ ಅಂಚು ದಾರದಷ್ಟು. ರೈಫಲ್ ಚೂರು ಅಲುಗಿದರೂ ಅಂಚು ಮಾಯ, ಮತ್ತೆ ಸರಿಮಾಡು, ಮತ್ತೆ ಮಾಯ. ಉಸಿರು ಕಟ್ಟಿ ಹಿಡಿದು ಕೊನೆಗೆ ಸಿಟ್ಟಿನಿಂದ ಟ್ರಿಗರ್ ಕೀಳುತ್ತಿದ್ದೆ. 3.8ಕ್ಕೆ ಬಂದ ದಿನ ಬಿಳಿ ಬಳೆ ಅಗಲವಾಯಿತು, ಅಲುಗಾಟ ಅಷ್ಟೇ ಇದ್ದರೂ ಮನಸ್ಸಿಗೆ ತಾಕಲಿಲ್ಲ. ಹೊಸಬರು ಇನ್ನೂ ದೊಡ್ಡದರಿಂದ ಶುರು ಮಾಡಿದರೂ ತಪ್ಪಿಲ್ಲ. ಈ ಒಂದು ತಪ್ಪಿನಲ್ಲಿ ನನ್ನ ಒಂದು ಬೇಸಿಗೆ ರಜೆ ಪೂರಾ ಹೋಯಿತು.

5. ಸೈಟಿನ ಬುಡದಲ್ಲಿ ಒಂದು ಪೆನ್ಸಿಲ್ ಗೆರೆ ಇರಲಿ.

ನ್ಯಾಮತಿಗೆ ವರ್ಗವಾದಾಗ ಬಾಡಿಗೆ ಮನೆಯ ಹಿತ್ತಿಲಲ್ಲಿ ಹತ್ತು ಮೀಟರ್ ಸಿಕ್ಕಿತು. ಓರೆಯಾಗಿ ನಿಲ್ಲಿಸಿದ ಕಬ್ಬಿಣದ ತಗಡು, ಅದರ ಹಿಂದೆ ಮೆಕ್ಕೆಜೋಳದ ಬೆಂಡು ತುಂಬಿದ ಗೋಣಿಚೀಲಗಳ ಗೋಡೆ. ಅಲ್ಲಿ ವಿಚಿತ್ರ ನಡೆಯಿತು: ಬೆಳಿಗ್ಗೆ ಹತ್ತರ ಸುತ್ತ ಬೀಳುತ್ತಿದ್ದ ಪೆಲ್ಲೆಟ್ ಹತ್ತು ಗಂಟೆ ಹೊತ್ತಿಗೆ ಆರರ ಕಡೆ. ಮರುದಿನವೂ ಅದೇ. ಗಾಳಿ ಅಂದುಕೊಂಡೆ, ವಯಸ್ಸು ಅಂದುಕೊಂಡೆ, ತಿಂಡಿಗೆ ಮೂರನೇ ದೋಸೆ ತಿಂದದ್ದೇ ಕಾರಣ ಎಂದು ಎರಡಕ್ಕೆ ನಿಲ್ಲಿಸಿದೆ.

ಮೆಕ್ಕೆಜೋಳ ಒಣಗಿಸಲು ಬಂದ ಪಕ್ಕದ ಮನೆಯ ಹುಡುಗ, "ಸಾರ್, ಇದು ನಿನ್ನೆ ಇಲ್ಲಿತ್ತು, ಇವತ್ತು ಅಲ್ಲೈತೆ" ಎಂದು ಸೈಟಿನ ಬುಡ ತೋರಿಸಿದ. ಸ್ಪ್ರಿಂಗ್ ರೈಫಲ್ ಹಿಂದಕ್ಕೂ ಒದೆಯುತ್ತದೆ, ಮುಂದಕ್ಕೂ ಒದೆಯುತ್ತದೆ. ಆ ಜಗ್ಗಾಟಕ್ಕೆ 11 ಮಿ.ಮೀ. ಹಳಿಯ ಮೇಲೆ ಕೂತ ಸೈಟು ದಿನಕ್ಕಿಷ್ಟು ಹಿಂದೆ ತೆವಳುತ್ತಿತ್ತು. ಹಿಂದೆ ಒಂದು ತಡೆ ಹಾಕಿಸಿ, ಹಳಿಯ ಮೇಲೆ ಗೆರೆ ಎಳೆದೆ. ಆ ರೈಫಲ್ ಇದ್ದಷ್ಟು ಕಾಲ ಗೆರೆಯನ್ನು ದಿನಾ ನೋಡುತ್ತಿದ್ದೆ. 2008ರ ಬೀಜಿಂಗ್ ಒಲಿಂಪಿಕ್ಸ್ ಫೈನಲ್ಲಿಗೆ ಮುಂಚಿನ ಅಭ್ಯಾಸದ ಗುಂಡು ಎಲ್ಲೋ ಹೋಗಿ, ಕದಲಿದ್ದ ಸೈಟನ್ನು ಕ್ಲಿಕ್ ಎಣಿಸಿ ಸರಿಮಾಡಿಕೊಂಡ ಕಥೆಯನ್ನು ಅಭಿನವ್ ಬಿಂದ್ರಾ ಹೇಳಿಕೊಂಡಿದ್ದಾರೆ. ಆಮೇಲೆ 700.5 ಅಂಕದ ಚಿನ್ನ. ಅವರು ಕೆಲವು ನಿಮಿಷದಲ್ಲಿ ಕಂಡುಹಿಡಿದದ್ದಕ್ಕೆ ನನಗೆ ಮೂರು ವಾರ ಮತ್ತು ಪಕ್ಕದ ಮನೆಯ ಹುಡುಗ ಬೇಕಾಯಿತು.

6. ಲಿವರ್ ಎಳೆದಾಗಲೆಲ್ಲ ಕೆನ್ನೆ ಎದ್ದುಬಿಡುತ್ತದೆ.

ಆ ರೈಫಲ್ ಮಾರಿ, ಪಕ್ಕದ ಲಿವರ್ ಎಳೆದು ಬಿಗಿಯುವ ಹಳೆಯ ಜರ್ಮನ್ ಮ್ಯಾಚ್ ರೈಫಲ್ ಸೆಕೆಂಡ್‌ಹ್ಯಾಂಡಾಗಿ ಕೊಂಡೆ. ಲಿವರನ್ನು ಒಂದು ಕೈಯಲ್ಲಿ ಹಿಡಿದೇ ಪೆಲ್ಲೆಟ್ ಇಡಬೇಕು. ಬಿಟ್ಟರೆ ಸಿಲಿಂಡರ್ ರಪ್ಪನೆ ಮುಚ್ಚಿಕೊಳ್ಳಬಹುದು. ನನ್ನ ಎಡ ಹೆಬ್ಬೆರಳಿನ ಉಗುರು ಎರಡು ತಿಂಗಳು ನೇರಳೆ ಹಣ್ಣಿನ ಬಣ್ಣದಲ್ಲಿತ್ತು.

ಸೈಟಿನ ವಿಷಯಕ್ಕೆ ಬಂದರೆ, ಪ್ರತಿ ಗುಂಡಿಗೂ ತಲೆ ಎತ್ತಿ ಲಿವರ್ ಎಳೆಯಬೇಕು, ಮತ್ತೆ ಕೆನ್ನೆ ಇಡಬೇಕು. ಒಮ್ಮೆ ಕಣ್ಣು ತೂತಿಗೆ ಮೂರು ಬೆರಳು ದೂರ, ಇನ್ನೊಮ್ಮೆ ಐದು. ನೋಟದ ವೃತ್ತ ಒಮ್ಮೆ ಹಿರಿದು, ಒಮ್ಮೆ ಕಿರಿದು. ನಾನು ಮಾಡಿದ್ದು ತಿರುಗುಮುರುಗು ಕೆಲಸ: ಸೈಟು ಎಲ್ಲಿದೆಯೋ ಅಲ್ಲಿಗೆ ಕತ್ತು ಚಾಚಿದೆ. ಮೊದಲು ಕಣ್ಣು ಮುಚ್ಚಿ ಕೆನ್ನೆ ಹಾಯಾಗಿ ಇಟ್ಟು, ಆಮೇಲೆ ಕಣ್ಣು ತೆರೆದು ಸೈಟನ್ನೇ ಅಲ್ಲಿಗೆ ತರಬೇಕು. ಈಗ ಮರದ ಮೇಲೆ ಗಾಯದ ಪಟ್ಟಿಯ ಒಂದು ತುಂಡು ಅಂಟಿಸಿದ್ದೇನೆ. ಮೂಗಿನ ತುದಿಗೆ ಅದು ತಾಗಿದರೆ ಕೆನ್ನೆ ಸರಿಯಾದ ಜಾಗದಲ್ಲಿದೆ ಎಂದು ಅರ್ಥ.

7. 'ಎಚ್' ಎಂದರೆ ಹೈ, ಆದರೆ ನೀವು ಅಂದುಕೊಂಡ ಹೈ ಅಲ್ಲ.

ಸೈಟಿನ ಗುಂಡಿಯ ಮೇಲೆ ಬಾಣದ ಗುರುತು, ಪಕ್ಕದಲ್ಲಿ 'ಎಚ್'. ಪೆಲ್ಲೆಟ್ ಕೆಳಗೆ ಬೀಳುತ್ತಿತ್ತು. ಮೇಲಕ್ಕೆ ತರಬೇಕೆಂದು ಎಚ್ ಕಡೆ ನಾಲ್ಕು ಕ್ಲಿಕ್ ತಿರುಗಿಸಿದೆ. ಇನ್ನೂ ಕೆಳಗೆ. ಇನ್ನೆಂಟು. ಕಾಗದ ಬಿಟ್ಟು ಹಲಗೆಗೆ ಬಿತ್ತು. ಜರ್ಮನ್ ಮ್ಯಾಚ್ ಸೈಟುಗಳ ಸಂಪ್ರದಾಯ ಬೇರೆ: 'ಹೋಖ್', ಅಂದರೆ ಗುಂಡು ಎತ್ತರಕ್ಕೆ ಹೋಗಿದ್ದರೆ ಈ ಕಡೆ ತಿರುಗಿಸಿ, ಕೆಳಗಿಳಿಯುತ್ತದೆ. ಕಾಯಿಲೆಯ ಹೆಸರು ಬರೆದಿದ್ದಾರೆ, ನಾನು ಔಷಧಿಯ ಹೆಸರು ಅಂದುಕೊಂಡಿದ್ದೆ.

8. ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ, ನೋಡಿ.

ಮುಂದೆ ಜಗಳೂರಿಗೆ ವರ್ಗವಾಯಿತು. ಅಲ್ಲಿನ ಬೆಳಕೇ ಬೇರೆ. ಚನ್ನಗಿರಿಯ ತೋಟದಲ್ಲಿ ಬೆಳಕಿಗೆ ಪರದಾಡಿದವನು ಇಲ್ಲಿ ಟೋಪಿ ಕಣ್ಣ ಮೇಲೆ ಎಳೆದುಕೊಂಡೆ. ಐರಿಸ್ 1.0ಕ್ಕೆ ಇಳಿಯಿತು, ಆದರೂ ಬೆಳಿಗ್ಗೆಯ ಗುಂಡುಗಳು ಒಂದು ಕಡೆ, ಸಂಜೆಯವು ಇನ್ನೊಂದು ಕಡೆ. ಮುಂದಿನ ಸೈಟಿನ ಕೊಳವೆಯ ಕರಿಬಣ್ಣ ಸವೆದು ಒಳಗಿನ ಲೋಹ ಹೊಳೆಯುತ್ತಿತ್ತು. ಬಿಸಿಲು ಬಿದ್ದ ಅಂಚನ್ನೇ ಉಂಗುರವೆಂದು ಕಣ್ಣು ನಂಬಿ, ಬೆಳಕಿಗೆ ಎದುರು ದಿಕ್ಕಿಗೆ ಗುರಿ ಜಾರುತ್ತಿತ್ತು. ಮಾವನಿಗೆ ಫೋನ್ ಮಾಡಿದೆ. "ಸೀಮೆಎಣ್ಣೆ ಬುಡ್ಡಿ ಐತೇನೋ ಮನ್ಯಾಗೆ?" ಎಂದರು. ಇರಲಿಲ್ಲ. ದೇವರ ಮನೆಯ ಹಣತೆಗೆ ಎಣ್ಣೆ ಜಾಸ್ತಿ ಹಾಕಿ, ಬತ್ತಿ ಉದ್ದ ಮಾಡಿ, ಹೊಗೆ ಏಳಿಸಿ ಆ ಮಸಿ ಹಿಡಿಸಿದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು, ಏನೂ ಕೇಳಲಿಲ್ಲ. ಮಸಿಯಷ್ಟು ಅಗ್ಗದ, ಅಷ್ಟು ಒಳ್ಳೆಯ ಸೈಟಿನ ಸಾಮಾನು ಇನ್ನೊಂದಿಲ್ಲ.

ಜಗಳೂರಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ, "ಹಂದಿ ಹೊಡೀತೀರಾ ಸಾರ್?" ಹೊಲಕ್ಕೆ ನುಗ್ಗುವ ಹಂದಿಯ ಕಾಟ ಸುಳ್ಳಲ್ಲ. ಆದರೆ ಈ ರೈಫಲ್ ಅದಕ್ಕಲ್ಲ, 1972ರ ವನ್ಯಜೀವಿ ಕಾಯಿದೆಯೂ ಬಿಡುವುದಿಲ್ಲ. ಅದೇ ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆಂದೇ ಅಭಯಾರಣ್ಯ ಇದೆ. ನವಿಲು ತೋರಿಸಿ ಆಸೆ ಹುಟ್ಟಿಸಲು ಬಂದವರಿಗೆ ತೂತು ಬಿದ್ದ ಕಾಗದ ತೋರಿಸಿ ಕಳಿಸುತ್ತಿದ್ದೆ.

9. ಯಾವ ಕೆಲಸಕ್ಕೆ ಎಂದು ಕೇಳದೆ ಸಲಹೆ ಕೊಡಬೇಡಿ.

ಕೈಲ್ ಪೊಳ್ದು ಹಬ್ಬಕ್ಕೆ ಕೊಡಗಿನ ಗೆಳೆಯನ ಮನೆಗೆ ಹೋಗಿದ್ದೆ. ಮಧ್ಯಾಹ್ನ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಎಲ್ಲರೂ ಹೊಡೆದರು. ನಾನೂ ಹೊಡೆದೆ, ಕಾಯಿಗೆ ಏನೂ ಆಗಲಿಲ್ಲ. ಸಂಜೆ ಗೆಳೆಯನ ತಂದೆ ಒಳಗಿನಿಂದ ಹಳೆಯ ವಿಂಚೆಸ್ಟರ್ ತಂದರು, ಸಿನಿಮಾದ ಕೌಬಾಯ್‌ಗಳ ಕೈಯಲ್ಲಿರುತ್ತದಲ್ಲ, ಕೆಳಗಿನ ಲಿವರ್ ಆಡಿಸಿದರೆ ಗುಂಡು ಏರುವ ಜಾತಿ. ಗುಂಡು ಸಿಗದೆ ಎಷ್ಟೋ ವರ್ಷವಾಗಿತ್ತು. ಹಿಡಿಕೆಯ ಕತ್ತಿನ ಮೇಲೆ ಮಡಚುವ ಪೀಪ್ ಸೈಟ್ ಇತ್ತು. ಇಂಥ ಸೈಟಿಗೆ ಅಮೆರಿಕದ ವಿಲಿಯಂ ಲೈಮನ್ 1879ರಲ್ಲೇ ಪೇಟೆಂಟ್ ಪಡೆದಿದ್ದ. ಹಳೆಯ ವಿಂಚೆಸ್ಟರುಗಳಲ್ಲಿ ಹೊಡೆದ ಗುಂಡಿನ ಖಾಲಿ ಕೊಳವೆ ರೈಫಲ್ಲಿನ ನೆತ್ತಿಯ ಮೇಲಿಂದ ಹಾರುವುದರಿಂದ ಅಲ್ಲಿ ದುರ್ಬೀನು ಕೂರಿಸುವುದು ಕಷ್ಟ. ಪೀಪ್ ಸೈಟೇ ಅದಕ್ಕೆ ಸಹಜ ಜೋಡಿ.

ಇದರ ಚಿಕ್ಕ ಡಿಸ್ಕ್ ಯಾವ ಕಾಲದಲ್ಲೋ ಕಳೆದು, ಬರೀ ದೊಡ್ಡ ಬಳೆ ಉಳಿದಿತ್ತು. ನಾನು ಬಾಯಿ ಮುಚ್ಚಿಕೊಂಡಿರಬಾರದಾಗಿತ್ತೆ? "ಅಂಕಲ್, ಇಷ್ಟು ದೊಡ್ಡ ತೂತಿನಲ್ಲಿ ಏನು ಗುರಿ ಸಿಗುತ್ತೆ? ಒಂದು ಸಣ್ಣ ಡಿಸ್ಕ್ ಹಾಕಿಸಿ" ಎಂದೆ. ಅವರು ಏನೂ ಹೇಳದೆ ಕಾಫಿ ತೋಟದ ಅಂಚಿಗೆ ಕರೆದುಕೊಂಡು ಹೋದರು. ಕತ್ತಲು ಇಳಿಯುತ್ತಿತ್ತು. ರೈಫಲ್ ಖಾಲಿ ಇದೆಯೆಂದು ಲಿವರ್ ತೆಗೆದು ತೋರಿಸಿ, ಕೈಗೆ ಕೊಟ್ಟು, "ಕಣ್ಣು ಮುಚ್ಚಿ ಭುಜಕ್ಕಿಡಿ. ಈಗ ತೆಗೀರಿ" ಎಂದರು. ತೆಗೆದೆ. ಬಳೆ ಮಂಜಾಗಿ ಕರಗಿಹೋಗಿ, ಮುಂದಿನ ಮಣಿ ನಡುವೆ ನಿಂತಿತ್ತು, ಅದರಾಚೆ ಐವತ್ತು ಹೆಜ್ಜೆ ದೂರದ ಸಿಲ್ವರ್ ಓಕ್ ಕಾಂಡ ಕಾಣುತ್ತಿತ್ತು. ಹುಡುಕುವ ಕೆಲಸವೇ ಇರಲಿಲ್ಲ.

ಜೇಬಿನಲ್ಲಿದ್ದ ನನ್ನ ಐರಿಸ್ ಡಿಸ್ಕ್ ತೆಗೆದು ಅದೇ ಮರದ ಕಡೆ ಹಿಡಿದೆ. 1.2ರಲ್ಲಿ ಬರೀ ಕಪ್ಪು. ಪೂರಾ ತೆರೆದು 3.0ಕ್ಕೆ ತಂದಾಗ ಮರದಂಥದ್ದೇನೋ ಕಂಡಿತು. ಅವರು ಡಿಸ್ಕನ್ನು ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, "ಚೆನ್ನಾಗಿದೆ. ಎಷ್ಟು ಕೊಟ್ರಿ?" ಎಂದು ಕೇಳಿದರು.

ಬಸ್ಸಿನಲ್ಲಿ ಹೇಳಿದ್ದರ ಅರ್ಧ ಹೇಳಿದೆ.